ವಸಂತಿಗೆ ಬಡಿಸಿದ ಎಲೆ

ಮರಾಠಿ ಸೀಮೆಯ ಗಂಗಾಪುರ ತಾಲೂಕಿನಲ್ಲಿ ಗೋದಾವರಿ ಹೊರಳಿಕೊಳ್ಳುವ ಕಡೆ, ರಸ್ತೆಗೆ ಮುಖ ಮಾಡಿ, ನದಿಗೆ ಬೆನ್ನು ಹಾಕಿ ಮುದ್ದಣ್ಣನ ಹೋಟೆಲು ನಿಂತಿತ್ತು. ಕಾರ್ಕಳದ ಕಡೆಯಿಂದ ಹೊರಟವನು ನಾಸಿಕದಲ್ಲಿ ಹದಿನೈದು ವರ್ಷ ಇನ್ಯಾರದೋ ದೋಸೆಕಾವಲಿಯ ಮುಂದೆ ಬೆವರಿಳಿಸಿ, ಕೊನೆಗೆ ತನ್ನದೆಂದು ಕಟ್ಟಿಕೊಂಡದ್ದು ಇದೊಂದೇ. ಆಗ ಹಿಂಬಾಗಿಲಿನಿಂದ ನೀರಿಗೆ ನೂರಾ ಹತ್ತು ಹೆಜ್ಜೆ. ನಡುವೆ ಜಾಲಿಮರಗಳು, ಪಾತ್ರೆ ತೊಳೆಯುವ ಸಾವಿತ್ರಿಬಾಯಿಯ ಮನೆ, ಹೆಂಡತಿ ವಸಂತಿ ನೆಟ್ಟ ಕೆಸುವಿನ ಗಿಡಗಳು. ಮರಳು ಎತ್ತುವವರು ನದಿಯ ತಿರುವನ್ನು ಬಗೆದರು. ಮೇಲಿನ ಅಣೆಕಟ್ಟುಗಳಿಂದ ಬಿಟ್ಟ ನೀರು ಪ್ರತಿ ಮಳೆಗಾಲವೂ ದಡವನ್ನು ಕೊರೆಯಿತು. ಜಾಲಿ ಹೋಯಿತು, ಕೆಸು ಹೋಯಿತು, ಹೋದ ವರ್ಷ ಸಾವಿತ್ರಿಬಾಯಿಯ ಮನೆಯೂ ಹೋಯಿತು. ಈಗ ಉಳಿದದ್ದು ಹದಿನಾಲ್ಕು ಹೆಜ್ಜೆ.

ಖಾಲಿ ಮಾಡಿ ಎಂದು ಊರಿನ ಲೆಕ್ಕಿಗ ತಲಾಠಿ ಮೂರು ಸಲ ನೋಟೀಸು ಕೊಟ್ಟ. ಮುದ್ದಣ್ಣ ಮೂರನ್ನೂ ದೇವರ ಪಟದ ಹಿಂದೆ ಸಿಕ್ಕಿಸಿಟ್ಟ. ವಾಳೂಜಿನ ಕಾರ್ಖಾನೆಯೊಂದರ ಕ್ಯಾಂಟೀನು ನಡೆಸಲು ಕರೆ ಬಂದಿತ್ತು. ಇರಲು ಕೋಣೆಯನ್ನೂ ಕೊಡುತ್ತಿದ್ದರು. ಮಗಳು ಅನ್ವಿತಾ ಹೇಳಿ ಹೇಳಿ ಸೋತಳು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಜಾತಿ ಅವನದು. ಆದರೆ ನಿಜ ಹೇಳಬೇಕೆಂದರೆ ಅದು ಹಠವಲ್ಲ, ಹೆದರಿಕೆ. ನಾಲ್ಕು ವರ್ಷದ ಹಿಂದೆ ವಸಂತಿ ತೀರಿಕೊಂಡದ್ದು ಹೋಟೆಲಿನ ಹಿಂದಿನ ಕೋಣೆಯಲ್ಲೇ. ತಾವು ಜಾಗ ಬಿಟ್ಟರೆ ಆಟಿಯಲ್ಲಿ ಅವಳು ಎಲ್ಲಿಗೆ ಬರಬೇಕು?

ಅವನ ಊರಿನಲ್ಲಿ ಮಳೆಗಾಲದ ಆಟಿ ಎಂದರೆ ಸತ್ತವರಿಗೆ ಬಡಿಸುವ ತಿಂಗಳು. ಎಲೆ ಹಾಕಿ, ಅವರಿಗೆ ಇಷ್ಟವಾದದ್ದನ್ನೆಲ್ಲ ಬಡಿಸಿ, ಬಾಗಿಲು ಮುಚ್ಚಿ ಮನೆಮಂದಿ ಹೊರಗೆ ಕೂರಬೇಕು. ಅವರು ಉಂಡು ಮುಗಿಸುವವರೆಗೆ ತುಟಿಪಿಟಕ್ಕೆನ್ನಬಾರದು, ಎದ್ದು ಹೋಗಬಾರದು. ಆಮೇಲೆ ಬಾಗಿಲು ತಟ್ಟಿಯೇ ಒಳಗೆ ಕಾಲಿಡಬೇಕು.

ಆ ವರ್ಷವೂ ಒಂದು ಮಧ್ಯಾಹ್ನ ಗಿರಾಕಿಗಳನ್ನೆಲ್ಲ ಕಳಿಸಿ, ಹಿಂದಿನ ಕೋಣೆಯಲ್ಲಿ ಪತ್ರೊಡೆ, ಪಾಯಸ ಬಡಿಸಿ, ಒಂದು ಲೋಟ ನೀರಿಟ್ಟು ಮುದ್ದಣ್ಣ ಬಾಗಿಲು ಮುಚ್ಚಿದ. ಕೋಣೆಯ ಹೊರಗೆ ಅವನು, ಅನ್ವಿತಾ, ಸಾವಿತ್ರಿಬಾಯಿ ಮೂವರೂ ನೆಲದ ಮೇಲೆ ಕೂತರು. ಮಳೆ ನಿಂತು ಬಿಸಿಲು ಬಿದ್ದಿತ್ತು.

ಒಳಗೆ ಸೊರ್ರೆಂದಿತು.

ಮತ್ತೆ ಸೊರ್ರ್, ಸೊರ್ರ್. ಯಾರೋ ಪಾಯಸ ಸುರಿದುಕೊಂಡು ಕುಡಿದ ಹಾಗೆ. ಹಿಂದಿನ ಮೂರು ಆಟಿಯಲ್ಲಿ ಒಮ್ಮೆಯೂ ಸದ್ದು ಬಂದಿರಲಿಲ್ಲ. ಮುದ್ದಣ್ಣನ ಕಣ್ಣಲ್ಲಿ ನೀರಾಡಿತು. ಒಳಗೆ ಲೋಟ ನೆಲಕ್ಕೆ ತಾಗಿ ಟಿಣ್ ಎಂದಿತು. ಅನ್ವಿತಾ ಬೆಚ್ಚಿ ಏಳಹೋದಳು. ಅವನು ಕೈ ಹಿಡಿದು ಕೂರಿಸಿದ.

ಸಾವಿತ್ರಿಬಾಯಿಯ ಮುಖ ಮಾತ್ರ ಬಿಳಿಚಿಕೊಂಡಿತ್ತು. "ಅಣ್ಣಾ, ಉಠಾ! ಏಳಿ," ಎಂದು ಮರಾಠಿಯಲ್ಲಿ ಪಿಸುಗುಟ್ಟಿದಳು. "ನನ್ನ ಮನೆಯಲ್ಲೂ ಇದೇ ಸದ್ದಾಗಿತ್ತು. ಗಂಗಾಮಾಯಿ ದಡವನ್ನು ಅಡಿಯಿಂದ ತಿನ್ನುತ್ತಾಳೆ. ಮೇಲೆ ನೆಲ ಮುಚ್ಚಳದ ಹಾಗೆ ನಿಂತಿರುತ್ತದೆ, ಅಷ್ಟೇ."

ಅವನು ತುಟಿಯ ಮೇಲೆ ಬೆರಳಿಟ್ಟ. ಉಣ್ಣುತ್ತಿರುವವಳನ್ನು ಅರ್ಧಕ್ಕೆ ಬಿಟ್ಟು ಏಳುವುದುಂಟೇ? ಸಾವಿತ್ರಿಬಾಯಿ ಇನ್ನು ಅವನ ಜೊತೆ ವಾದಕ್ಕಿಳಿಯಲಿಲ್ಲ, ಅನ್ವಿತಾಳ ರಟ್ಟೆ ಹಿಡಿದು ಎಳೆದಳು.

ಅನ್ವಿತಾ ಕೊಸರಿಕೊಂಡಳು. "ಪಪ್ಪಾ, ನೀವು ಬರ್ಲಿಲ್ಲ ತರ್ ನಾನೂ ಇಲ್ಲೇ," ಎಂದು ತನ್ನ ಮರಾಠಿ ಬೆರೆತ ಕನ್ನಡದಲ್ಲಿ ಹೇಳಿ ಅವನ ಪಕ್ಕದಲ್ಲೇ ಮತ್ತೆ ಕೂತಳು.

ಅವಳ ಕಾಲಬುಡದಿಂದ ಬಾಗಿಲವರೆಗೆ ನೆಲದಲ್ಲಿ ಕೂದಲೆಳೆಯಷ್ಟು ಸಣ್ಣ ಬಿರುಕು ಓಡಿತ್ತು. ಮುದ್ದಣ್ಣ ಅದನ್ನು ನೋಡಿದ. ಮಗಳ ಮುಖ ನೋಡಿದ. ಎದ್ದು ಹೋಗಿ ಬಾಗಿಲು ತಟ್ಟಿದ.

"ವಸಂತಿ, ಮಗು ಉಂಟು ಮಾರಾಯ್ತಿ. ನಾವು ಹೊರಡ್ತೇವೆ. ನೀನು ಉಣ್ಣು."

ಒಳಗಿನಿಂದ, ಸರಿಯಾಗಿ ಅವನ ಕೈಯಿದ್ದ ಎತ್ತರದಲ್ಲಿ, ಬಾಗಿಲನ್ನು ಎರಡು ಸಲ ತಟ್ಟಿದ ಸದ್ದಾಯಿತು.

ಮೂವರೂ ಓಡಿದರು. ರಸ್ತೆಗೆ ತಲುಪಿ ತಿರುಗಿ ನೋಡಿದಾಗ ಹಿಂದಿನ ಕೋಣೆ ದಣಿದವರು ಕೂತ ಹಾಗೆ ಮೆಲ್ಲಗೆ ಕೂತಿತು. ಅದರ ಹಿಂದೆಯೇ ಅಡುಗೆಮನೆ ಹೋಯಿತು. ಒಳಗಿನಿಂದ ಯಾರೂ ತಟ್ಟಿರಲಿಕ್ಕಿಲ್ಲ, ಬಾಗಿಲಿನ ಚೌಕಟ್ಟು ಬಿಗಿದು ಕಟಕಟ ಎಂದಿರಬೇಕು ಎಂದು ಅನ್ವಿತಾ ಆಮೇಲೆ ಎಷ್ಟೋ ಸಲ ಹೇಳಿದಳು. ಸಾವಿತ್ರಿಬಾಯಿ ಆ ಮಾತೇ ಎತ್ತಲಿಲ್ಲ.

ಮರುವರ್ಷದ ಆಟಿಗೆ ಅವರು ವಾಳೂಜಿನಲ್ಲಿದ್ದರು. ಸಾವಿತ್ರಿಬಾಯಿಗೂ ಅದೇ ಕ್ಯಾಂಟೀನಿನಲ್ಲಿ ಕೆಲಸ ಸಿಕ್ಕಿತ್ತು. ಗೋದಾವರಿ ಎಲ್ಲೋ ದೂರ. ಮುದ್ದಣ್ಣ ಸಂತೆಯಿಂದ ಕೆಸುವಿನೆಲೆ ತಂದು ಪತ್ರೊಡೆ ಮಾಡಿ, ಎಲೆ ಹಾಕಿ ಬಡಿಸಿ, ಬಾಗಿಲು ಮುಚ್ಚಿದ. ಮೂವರೂ ಹೊರಗೆ ಕೂತರು. ಒಂದು ಗಂಟೆ ಕಳೆಯಿತು. ಒಳಗೆ ಏನೂ ಇಲ್ಲ. ಅವನು ತಟ್ಟಿದ, ಕಾದ, ಮತ್ತೆ ತಟ್ಟಿದ. ತೆರೆದು ನೋಡಿದರೆ ಪಾಯಸಕ್ಕೆ ಕೆನೆ ಕಟ್ಟಿತ್ತು.

ಸಾವಿತ್ರಿಬಾಯಿ ಬಗ್ಗಿ ನೆಲಕ್ಕೆ ಕಿವಿಯಿಟ್ಟಳು. "ಗಟ್ಟಿ ಇದೆ ಅಣ್ಣಾ. ಇಲ್ಲಿ ಭಯವಿಲ್ಲ," ಎಂದಳು.

ಮುದ್ದಣ್ಣ ಎಲೆಯ ಮುಂದೆ ಕುಸಿದು ಕೂತು, ಮಗಳು ಎಂದೂ ಕೇಳಿರದ ಹಾಗೆ ಗೋಳೋ ಎಂದು ಅತ್ತ.

"ಹೊರಡ್ತೇವೆ ಅಂತ ಮಾತ್ರ ಹೇಳಿದೆ," ಎಂದ. "ಎಲ್ಲಿಗೆ ಅಂತ ಹೇಳ್ಲೇ ಇಲ್ಲ."