ಮಾತೆ ಬರುವ ಸರದಿ ನಮ್ಮನೆಯದು

ನಾನು ನಂಬುವವಳು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಕ್ಯಾಲಿಫೋರ್ನಿಯಾದ ಸೆರಿಟೋಸ್‌ನ ರೋಸರಿ ಮಣಿ ಎಣಿಸಿ ಪ್ರಾರ್ಥಿಸುವ ನಮ್ಮ ಜಪಸರದ ಕೂಟದಲ್ಲಿ ಕೆಲವರು ಇವತ್ತಿಗೂ ನನ್ನನ್ನು ನಾಸ್ತಿಕಳೆಂದೇ ತಿಳಿದಿದ್ದಾರೆ. ಭಾನುವಾರ ಚರ್ಚಿನ ಬಲಿಪೂಜೆ ತಪ್ಪಿಸುವುದಿಲ್ಲ. ಕಾರು ಸ್ಟಾರ್ಟ್ ಮಾಡುವ ಮುನ್ನ ಶಿಲುಬೆಯ ಗುರುತು ಹಾಕುತ್ತೇನೆ. ಫ್ರೀವೇಯಲ್ಲಿ ಟ್ರಾಫಿಕ್ ನಿಂತಾಗ ‘ನಮೋ ಮರಿಯಾ’ ಹೇಳಿಕೊಳ್ಳುತ್ತೇನೆ, ನಡುವೆ ಅಡ್ಡ ಬಂದವನನ್ನು ಬೈದೂ ಇರುತ್ತೇನೆ. ಆದರೆ ಯಾರೋ ಕಂಡೆ ಎಂದದ್ದನ್ನೆಲ್ಲ ನಂಬು ಎಂದರೆ ನಂಬುವುದಿಲ್ಲ.

ನಮ್ಮದು ಏಳೆಂಟು ಕುಟುಂಬಗಳ ಕೂಟ. ಕೆಲವರು ಬೆಂಗಳೂರು, ಮೈಸೂರು ಕಡೆಯವರು, ಕೆಲವರು ಮಂಗಳೂರಿನವರು. ಎಲ್ಲರಿಗೂ ಸೇರಿ ಯೇಸುವಿನ ತಾಯಿ ಮರಿಯಮ್ಮನವರ ಒಂದು ಪ್ರತಿಮೆ ಇತ್ತು. ಮೊಣಕೈಯುದ್ದದ್ದು, ನೀಲಿ ಮೇಲುಹೊದಿಕೆಯ ಬಣ್ಣ ಅಲ್ಲಲ್ಲಿ ಚಕ್ಕೆ ಎದ್ದಿತ್ತು. ಅದು ವಾರಕ್ಕೊಂದು ಮನೆಗೆ ಹೋಗುತ್ತಿತ್ತು. ಬಂದ ಮನೆಯವರು ಹೂವಿಟ್ಟು ದಿನಾ ಸಂಜೆ ಜಪಸರ ಹೇಳಬೇಕು. ಭಾನುವಾರ ಎಲ್ಲರನ್ನೂ ಕರೆದು ಊಟ ಹಾಕಿ, ಮುಂದಿನ ಮನೆಯವರ ಕೈಗೆ ಒಪ್ಪಿಸಬೇಕು. ಸೆಪ್ಟೆಂಬರಿನಲ್ಲಿ ಮಾತೆಯ ಹುಟ್ಟುಹಬ್ಬದ ವಾರ ಯಾರ ಸರದಿಯೋ ಅವರದು ಪುಣ್ಯ ಎಂದು ನಮ್ಮವರ ಎಣಿಕೆ. 2004ರಲ್ಲಿ ಆ ಸರದಿ ನಮ್ಮದು. ನಮ್ಮ ಜೊತೆಗೇ ಇದ್ದ ಅತ್ತೆ ಈಸ್ಟರ್ ಮುಗಿದಾಗಿನಿಂದ ಹಿತ್ತಲಿನ ಮಲ್ಲಿಗೆ ಕುಂಡಗಳನ್ನು ಅದಕ್ಕೆಂದೇ ಸಾಕುತ್ತಿದ್ದರು. ಹೂ ಕಿತ್ತರೆ ನನ್ನ ಮಗಳಿಗೂ ಬೈಗುಳ ಬೀಳುತ್ತಿತ್ತು.

ಅದೇ ವರ್ಷ ಸ್ಯಾನ್ ಡಿಯಾಗೋದಾಚೆಯ ಒಂದು ಒಣ ಬೆಟ್ಟದ ಸುದ್ದಿ ಬಂತು. ಅಲ್ಲೊಬ್ಬ ಹೆಂಗಸಿಗೆ ತಿಂಗಳ ಮೊದಲ ಶನಿವಾರ ಮಧ್ಯಾಹ್ನ ಮಾತೆ ಕಾಣಿಸಿಕೊಳ್ಳುತ್ತಾಳಂತೆ. ಹಿಂದೆ ಪೋರ್ಚುಗಲ್ಲಿನ ಫಾತಿಮಾದಲ್ಲಿ ಮಾತೆಯ ದರ್ಶನವಾದಾಗ ಸೂರ್ಯ ಕುಣಿದ ಹಾಗೆ ಅಲ್ಲೂ ಕುಣಿಯುತ್ತಾನಂತೆ. ಎವೆಯಿಕ್ಕದೆ ನೋಡಿದವರಿಗೆ ಸೂರ್ಯನೊಳಗೆ ಮಾತೆ ನಿಂತದ್ದು ಕಾಣುತ್ತದಂತೆ. ಕೂಟದ ಹಿರಿಯರಾದ ಮಂಗಳೂರಿನ ಅಂಕಲ್ ತಮ್ಮ ವ್ಯಾನಿನಲ್ಲಿ ಜನರನ್ನು ಕರೆದುಕೊಂಡು ಹೋಗತೊಡಗಿದರು. ಅಂಕಲ್ ಕೆಟ್ಟವರಲ್ಲ. ನಾವು ಈ ದೇಶಕ್ಕೆ ಬಂದಿಳಿದ ದಿನ ಏರ್‌ಪೋರ್ಟಿಗೆ ಬಂದವರು ಅವರೇ, ನನ್ನ ಬಾಣಂತನದಲ್ಲಿ ಮೀನುಸಾರು ಹೊತ್ತು ತಂದವರೂ ಅವರೇ.

ನಮ್ಮ ಚರ್ಚಿನ ಗುರುಗಳನ್ನು ಕೇಳಿದೆವು. ಕ್ಯಾಥೋಲಿಕ್ ಸಭೆ ಇದನ್ನು ಒಪ್ಪಿಲ್ಲ, ದೈವಿಕ ಎನ್ನಲು ಏನೂ ಆಧಾರ ಸಿಕ್ಕಿಲ್ಲ, ಹೋಗದಿರುವುದೇ ಒಳ್ಳೆಯದು ಎಂದರು. ಆ ವಾರದ ಜಪಸರ ಮುಗಿದದ್ದೇ ತಡ, ಚರ್ಚೆ ಶುರುವಾಯಿತು.

“ಒಪ್ಪಿಲ್ಲ ಅಂತ ಹೇಳಿದ್ದು ಮಾತ್ರ ಅಲ್ವಾ?” ಎಂದರು ಅಂಕಲ್. “ಸುಳ್ಳು ಅಂತ ಹೇಳ್ಲಿಲ್ಲ ಅಲ್ವಾ? ಫಾತಿಮಾದಲ್ಲಿಯೂ ಸುರುವಿಗೆ ಯಾರು ನಂಬಿದ್ದು ಹೇಳಿ.”

ನಾನು ಗ್ಲೆಂಡೇಲ್‌ನ ಒಂದು ಇನ್ಶೂರೆನ್ಸ್ ಆಫೀಸಿನಲ್ಲಿ ಕ್ಲೇಮ್‌ಗಳನ್ನು ಪರಿಶೀಲಿಸುವವಳು. ನಾಲಗೆ ಸುಮ್ಮನಿರಲಿಲ್ಲ. “ನಮ್ಮ ಆಫೀಸಲ್ಲೂ ಅಷ್ಟೇ ಅಂಕಲ್. ಕ್ಲೇಮ್ ಹಾಕಿದೋರು ಪ್ರೂಫ್ ಕೊಡ್ಬೇಕು. ಸುಳ್ಳು ಅಂತ ತೋರ್ಸೋ ಕೆಲ್ಸ ನಂದಲ್ಲ.”

“ದೇವಮಾತೆ ಎಂತ ಇನ್ಶೂರೆನ್ಸಾ ಮಾರಾಯ್ತಿ?” ಎಂದರು. ಎಲ್ಲರೂ ನಕ್ಕರು.

ನಗದೆ ಕೂತಿದ್ದವಳು ಒಬ್ಬಳೇ, ನನ್ನದೇ ವಯಸ್ಸಿನ ಬೆಂಗಳೂರಿನವಳು. “ನಮ್ಮನೇವ್ರು ಆ ಬೆಟ್ಟಕ್ಕೆ ಹೋಗ್ಬಂದ ಮೇಲೆ ಕುಡಿಯೋದು ಬಿಟ್ರು. ಫಲ ನೋಡಿ ಮರ ಹೇಳ್ಬೇಕು ಅಂತ ಯೇಸುಸ್ವಾಮಿಯೇ ಹೇಳಿಲ್ವಾ?” ಎಂದಳು. ಮನೆಯಲ್ಲಿ ಕೂತು ಬೇಡಿದ್ದರೂ ಮಾತೆ ಅಷ್ಟು ಮಾಡುತ್ತಿದ್ದಳು ಎಂದೆ. ಒಂದು ವಿಷಯದಲ್ಲಂತೂ ನನಗೆ ಅನುಮಾನವೇ ಇರಲಿಲ್ಲ. ತಾನು ಒಪ್ಪಿದ ದರ್ಶನವನ್ನೂ ನಂಬಲೇಬೇಕೆಂದು ಸಭೆ ಯಾರಿಗೂ ಕಡ್ಡಾಯ ಮಾಡಿಲ್ಲ. ಒಪ್ಪದೇ ಇದ್ದದ್ದನ್ನು ಇವರು ಕಡ್ಡಾಯ ಮಾಡಲು ಹೊರಟಿದ್ದರು.

ಪಕ್ಕದ ಮನೆಯ ಧಾರವಾಡದ ಗೆಳತಿಗೆ ಇದನ್ನೆಲ್ಲ ಹೇಳಿದಾಗ ಆಕೆ, “ನಿಮ್ಮಲ್ಲೂ ಹಿಂಗ ಐತೇನ್ರಿ? ನಮ್ಮ ಗಣಪತಿ ಹಾಲು ಕುಡದಂಗ ಆತು” ಎಂದು ಹೊಟ್ಟೆ ಹಿಡಿದುಕೊಂಡು ನಕ್ಕಳು. ನನಗೆ ಅವಳ ಮೇಲೂ ಸಿಟ್ಟು ಬಂತು. ನಮ್ಮ ಮನೆಯ ಜಗಳದಲ್ಲಿ ನಗುವ ಹಕ್ಕು ನನಗಿತ್ತು, ಅವಳಿಗಿರಲಿಲ್ಲ.

ಅತ್ತೆ ಬೆಟ್ಟಕ್ಕೆ ಹೋದರು. “ನಿನ್ ಪಾಡಿಗೆ ನೀನಿರು, ನಾನು ಹೋಗ್ಬರ್ತೀನಿ” ಎಂದು ಸೆರಗು ಬಿಗಿದು ವ್ಯಾನ್ ಹತ್ತಿದರು. ಬೇಸಿಗೆಯುದ್ದಕ್ಕೂ ಹೋದರು. ನನ್ನ ಗಂಡ ನಮ್ಮಿಬ್ಬರ ನಡುವೆ ಅಡಕತ್ತರಿಯಲ್ಲಿ ಸಿಕ್ಕಿದವನಂತೆ ಒದ್ದಾಡಿ, ಕೊನೆಗೆ ಲಾನ್ ಕತ್ತರಿಸಲು ಹೊರಗೆ ಹೋಗುವುದನ್ನು ಕಲಿತ.

ಆಗಸ್ಟ್‌ನ ಶನಿವಾರ ಹೋಗಿ ಬಂದ ಮೇಲೆ ಅತ್ತೆ ನನ್ನ ಮುಖ ನೋಡುವುದನ್ನು ಬಿಟ್ಟರು. ಮಾತಾಡುವಾಗ ಗೋಡೆಯ ಕಡೆಗೋ ಫ್ರಿಜ್ಜಿನ ಕಡೆಗೋ ತಿರುಗಿರುತ್ತಿದ್ದರು. ಸಿಟ್ಟು ಎಂದುಕೊಂಡೆ. ಇರಲಿ, ಇಳಿದಾಗ ಇಳಿಯುತ್ತದೆ ಎಂದು ಸೊಪ್ಪು ಹಾಕಲಿಲ್ಲ. ಆದರೆ ಒಂದು ಸಂಜೆ ಮಗಳು ಶಾಲೆಯಲ್ಲಿ ತೆಗೆದ ತನ್ನ ಫೋಟೋ ಅಜ್ಜಿಗೆ ತೋರಿಸಿ ಬಂದು, “ಮಾಮ್, ಅಜ್ಜಿ ಲುಕ್ಸ್ ಅಟ್ ಮಿ ಲೈಕ್ ಎ ಬರ್ಡ್” ಎಂದಳು. ಕೋಳಿ ಕಾಳು ನೋಡುವ ಹಾಗೆ ತಲೆ ವಾಲಿಸಿ ತೋರಿಸಿದಳು. ಮೊಮ್ಮಗಳ ಮೇಲೆ ಅತ್ತೆಗೆ ಯಾವ ಸಿಟ್ಟೂ ಇರಲಿಲ್ಲ.

ಫೋಟೋ ತೆಗೆದುಕೊಂಡು ಹೋಗಿ ಅವರ ಕಣ್ಣೆದುರು ಹಿಡಿದೆ. “ಮುಖ ಕಾಣ್ಸುತ್ತಾ ಅತ್ತೆ?”

ಅತ್ತೆ ಫೋಟೋವನ್ನು ಪಕ್ಕಕ್ಕೆ ಸರಿಸಿದರು. “ಸುತ್ತ ಎಲ್ಲಾ ಕಾಣ್ಸುತ್ತೆ ಕಣೆ. ನಡುವೆ ಮಾತ್ರ ಒಂದು ಬೂದಿ ಬಿಲ್ಲೆ. ಎಲ್ ನೋಡ್ತೀನೋ ಅಲ್ಲೇ ಬಂದ್ ಕೂತ್ಕೊಳುತ್ತೆ.”

ವ್ಯಾನಿನಲ್ಲಿ ಬರುವಾಗಲೇ ಅತ್ತೆ ಜೊತೆಯವರಿಗೆ ಇದನ್ನು ಹೇಳಿದ್ದರಂತೆ. ಬಲಿಪೂಜೆಯಲ್ಲಿ ಪ್ರಸಾದವಾಗಿ ಕೊಡುವ ರೊಟ್ಟಿಯ ಹಾಗೆ ದುಂಡಗಿದೆ ಎಂದರೆ ಮಾತೆ ಕಣ್ಣಲ್ಲಿ ಗುರುತು ಇಟ್ಟಿದ್ದಾಳೆ ಎಂದೇ ಅರ್ಥ, ಅದೊಂದು ವರ ಎಂದು ಅಲ್ಲಿದ್ದವರು ಸಮಾಧಾನ ಹೇಳಿದ್ದರು.

“ನಂಗ್ಯಾಕೆ ಹೇಳ್ಲಿಲ್ಲ?”

“ಹೇಳಿದ್ರೆ ನೀನೇ ಗೆದ್ದೆ ಅಂತೀಯ.”

ಕಣ್ಣಿನ ಡಾಕ್ಟರ್ ನೋಡಿದರು. ಕಣ್ಣಿನ ಹಿಂಭಾಗ ಬಿಸಿಲಿಗೆ ಸುಟ್ಟಿದೆ, ನೋವಾಗದೇ ಇರುವುದರಿಂದ ಜನಕ್ಕೆ ಗೊತ್ತಾಗುವುದಿಲ್ಲ, ಸ್ವಲ್ಪ ದೃಷ್ಟಿ ತಾನಾಗಿ ಮರಳಬಹುದು, ಪೂರ್ತಿ ಮರಳುವ ಭರವಸೆ ಕೊಡಲಾರೆ ಎಂದರು. ಮನೆಗೆ ಬಂದವಳೇ ಕೂಟದ ಎಲ್ಲ ಮನೆಗಳಿಗೂ ಫೋನ್ ಮಾಡಿದೆ. ಸೂರ್ಯನನ್ನು ನೋಡಬೇಡಿ, ನೋಡಿದವರು ಡಾಕ್ಟರ್ ಹತ್ತಿರ ಹೋಗಿ ಎಂದೆ. ಕೆಲವರು ಕೇಳಿಸಿಕೊಂಡರು. ಕೆಲವರು ಪಕ್ಕನೆ ಫೋನ್ ಇಟ್ಟರು.

ಮರುದಿನ ಅಂಕಲ್ ಫೋನ್ ಬಂತು. ಮಾತೆಯನ್ನು ಅವಮಾನಿಸುವ ಮನೆಗೆ ಮಾತೆಯನ್ನು ಕಳಿಸುವುದು ಬೇಡವೆಂದು ಕೆಲವರ ಅಭಿಪ್ರಾಯವಂತೆ. “ಇನ್ನು ಬೆಟ್ಟದ ವಿಷಯ ಮಾತಾಡುದಿಲ್ಲ ಅಂತ ಒಂದು ಮಾತು ಹೇಳಿ ಸಾಕು. ಸರದಿ ನಿಮ್ಮದೇ” ಎಂದರು. ಅವರ ಧ್ವನಿಯಲ್ಲಿ ನಿಜವಾದ ಸಂಕಟವಿತ್ತು.

“ಹೇಳ್ಬಿಡು. ಅಮ್ಮನಿಗೋಸ್ಕರ” ಎಂದ ಗಂಡ. ಹಿತ್ತಲಲ್ಲಿ ಅತ್ತೆ ಮೊಗ್ಗುಗಳನ್ನು ಬೆರಳಲ್ಲಿ ಮುಟ್ಟಿ ಮುಟ್ಟಿ ಎಣಿಸುತ್ತಿದ್ದರು. ನಾನು ಅವರಿಂದ ಏನನ್ನು ಕಸಿದುಕೊಳ್ಳುತ್ತಿದ್ದೇನೆಂದು ಚೆನ್ನಾಗಿ ಗೊತ್ತಿತ್ತು. ಕಣ್ಣು ಹೋಗಿತ್ತು, ಈಗ ಹಬ್ಬವೂ ಹೋಗುತ್ತಿತ್ತು, ಎರಡನೆಯದು ನನ್ನಿಂದ. ಆದರೂ ನಾನು ಬಾಯಿ ಮುಚ್ಚಿಕೊಂಡರೆ ಮುಂದಿನ ಶನಿವಾರ ಇನ್ನೊಬ್ಬರ ಅತ್ತೆ ಕುರುಡಾಗುತ್ತಿದ್ದರು. ಅಂಕಲ್ ಕೇಳಿದ ಆ ಮಾತು ನಾನು ಹೇಳಲಿಲ್ಲ. ಇವತ್ತು ಕೇಳಿದರೂ ಹೇಳುವುದಿಲ್ಲ.

ಹಬ್ಬಕ್ಕೆ ಮುಂಚಿನ ಭಾನುವಾರ ಪ್ರತಿಮೆ ಅಂಕಲ್ ಮನೆಯಲ್ಲಿತ್ತು. ಬಲಿಪೂಜೆ ಮುಗಿಸಿ ಬಂದ ಅತ್ತೆ ಒಳ್ಳೆಯ ಸೀರೆ ಬದಲಿಸದೆ ಬಾಗಿಲಲ್ಲೇ ನಿಂತು, “ಕಾರ್ ತೆಗಿ” ಎಂದರು.

ನಾವು ಹೋದಾಗ ಊಟ ಮುಗಿದಿತ್ತು. ಮಾತೆಯನ್ನು ಬೇರೊಂದು ಮನೆಯವರಿಗೆ ಒಪ್ಪಿಸಲು ಅಂಕಲ್ ಎದ್ದು ನಿಂತಿದ್ದರು. ಅತ್ತೆ ನನ್ನ ಭುಜ ಹಿಡಿದು ಎಲ್ಲರ ನಡುವೆ ಬಂದು, “ಸರದಿ ನಮ್ದು” ಎಂದರು.

“ಅಮ್ಮ, ನಿಮ್ಮ ಬಗ್ಗೆ ಯಾರಿಗೂ ಬೇಜಾರಿಲ್ಲ. ನಿಮ್ಮ ಸೊಸೆ…”

“ನನ್ ಸೊಸೆ ಬಾಯಿ ದೊಡ್ದು, ನಂಗೂ ಗೊತ್ತು” ಎಂದರು ಅತ್ತೆ. “ಈಗ ನನ್ ಮಾತು ಕೇಳಿ. ಅಷ್ಟು ಸಲ ನಿಮ್ ವ್ಯಾನಲ್ಲಿ ಬಂದೆ. ಎವೆ ಮುಚ್ಚದೆ ನೋಡ್ದೆ. ಬಿಸಿಲು ಬಿಟ್ರೆ ನಂಗೇನೂ ಕಾಣ್ಲಿಲ್ಲ. ಎಲ್ರೂ ಕಂಡೆ ಕಂಡೆ ಅಂದ್ರಿ, ನಾನೂ ಕಂಡೆ ಅಂದೆ. ನಂಗೊಬ್ಳಿಗೇ ಕಾಣ್ಲಿಲ್ಲ ಅಂತ ಹೇಳೋಕೆ ನಾಚ್ಕೆ ಆಯ್ತು.”

ಗಂಡ ಕುಡಿತ ಬಿಟ್ಟ ಆ ಬೆಂಗಳೂರಿನವಳು ಎದ್ದು, ಅಂಕಲ್ ಮುಖ ನೋಡದೆ ಪ್ರತಿಮೆಯನ್ನು ಎತ್ತಿ ಅತ್ತೆಯ ಕೈಗೆ ಕೊಟ್ಟಳು. ಅವಳು ಏನು ಕಂಡಿದ್ದಳೋ ಏನು ಕಂಡಿರಲಿಲ್ಲವೋ, ನಾನು ಕೇಳಲಿಲ್ಲ.

ಕಾರಿನಲ್ಲಿ ಅತ್ತೆ ಪ್ರತಿಮೆಯನ್ನು ಮಡಿಲಲ್ಲಿಟ್ಟುಕೊಂಡು ಇಬ್ಬರಿಗೂ ಸೇರಿಸಿ ಸೀಟ್‌ಬೆಲ್ಟ್ ಹಾಕಿಸಿಕೊಂಡರು. ಹೆಬ್ಬೆರಳಿನಿಂದ ಅದರ ಕೆನ್ನೆ ಸವರುತ್ತಿದ್ದರು.

“ಕಾಣ್ಸುತ್ತಾ ಅತ್ತೆ?” ಎಂದೆ.

“ಇವಳ ಮುಖ ಕಾಣ್ಬೇಕಾಗಿಲ್ಲ. ಹುಟ್ಟಿದಾಗಿಂದ ನೋಡಿದ್ದೀನಿ” ಎಂದರು. ಆಮೇಲೆ ನನ್ನನ್ನು ನೋಡುವುದಕ್ಕೆಂದು ಮುಖವನ್ನು ನನ್ನಿಂದಾಚೆ, ಮುಂದಿನ ಗಾಜಿನ ಕಡೆಗೆ ತಿರುಗಿಸಿದರು. “ಅಳ್ತಿದ್ದೀಯ. ಅಷ್ಟು ಕಾಣ್ಸುತ್ತೆ.”

ನಾನು ಅಳುತ್ತಿರಲಿಲ್ಲ. ಆ ಬೂದಿ ಬಿಲ್ಲೆಯನ್ನು ವರ ಎಂದವರ ಮೇಲೆ ನನಗೆ ಕೋಪ ಬಂದಿತ್ತು. ಅದು ಈಗಲೂ ಇದೆ.