ಕಡ್ಡಿಯಕ್ಕನ ಸೂಜಿ

ಥರ್ಮಾಮೀಟರಿನ ಗಾಜಿನ ಕಡ್ಡಿಗಳಿಗೆ ಪಾದರಸ ತುಂಬುತ್ತ ಹತ್ತೊಂಬತ್ತು ವರ್ಷ ಸವೆಸಿದವಳನ್ನು ಕಾರ್ಖಾನೆಯಲ್ಲಿ ಕಡ್ಡಿಯಕ್ಕ ಎನ್ನುತ್ತಿದ್ದರು. ಆಳೂ ಹಾಗೇ ಇದ್ದಳು. ಮೊನ್ನೆ ಮಂಗಳವಾರ ತೀರಿಕೊಂಡಳು. ಕೊಂದದ್ದು ಪಾದರಸವೆಂದು ವೈದ್ಯರು ಬರೆದಿದ್ದಾರೆ. ಅದು ಅರ್ಧ ಮಾತು.

ಸೇರಿದ ಹೊಸದರಲ್ಲಿ ಅವಳಿಗೆ ಆ ಲೋಹವೇ ಒಂದು ಬೆರಗು. ಕಬ್ಬಿಣ ಕರಗಲು ಕುಲುಮೆ ಬೇಕು, ಇದಕ್ಕೇಕೆ ಬೇಡ ಎಂದು ಅಲ್ಲಿನ ರಸಾಯನ ಪರೀಕ್ಷಕರನ್ನು ಕೇಳಿದಳು. ಬೇರೆ ಲೋಹಗಳ ಪರಮಾಣುಗಳು ಹೊರಗಿನ ಎಲೆಕ್ಟ್ರಾನುಗಳನ್ನು ಒಟ್ಟಿಗೆ ಹಂಚಿಕೊಂಡು, ಆ ಬಲದಿಂದ ಒಂದನ್ನೊಂದು ಬಿಗಿಯಾಗಿ ಹಿಡಿದಿರುತ್ತವೆ. ಪಾದರಸದ್ದು ಮಾತ್ರ ತನ್ನದನ್ನು ಎದೆಗವಚಿಕೊಂಡು ಕೂರುತ್ತದೆ, ಪಕ್ಕದ್ದರ ಮೇಲೆ ಹಿಡಿತ ಸಡಿಲ, ಕೋಣೆಯ ಶಾಖವೇ ಬಿಡಿಸಲು ಸಾಕು ಎಂದರು ಅವರು.

“ಹಾಗಾದ್ರೆ ನಮ್ಮತ್ತೆ ಪಾದರಸ ಸಾರ್,” ಅಂದಳು. ಅವರು ನಕ್ಕರು. ಅದರ ಆವಿ ಉಸಿರಿನಲ್ಲಿ ಹೊಕ್ಕು ನರಗಳನ್ನು ತಿನ್ನುತ್ತದೆ ಎಂಬುದನ್ನು ಹೇಳಲಿಲ್ಲ.

ಕೈ ನಡುಗುವವರನ್ನು ಕಾರ್ಖಾನೆ ಇಟ್ಟುಕೊಳ್ಳುತ್ತಿರಲಿಲ್ಲ. ತಿಂಗಳ ಮೊದಲ ದಿನ ಮೇಲ್ವಿಚಾರಕ ಹೆಂಗಸರನ್ನು ಸಾಲಾಗಿ ನಿಲ್ಲಿಸಿ ಸೂಜಿ, ದಾರ ಕೊಡುತ್ತಿದ್ದ. ಹತ್ತು ಎಣಿಸುವಷ್ಟರಲ್ಲಿ ಪೋಣಿಸದವಳು ಮನೆಗೆ. ಅವಳ ಜಾಗ ಪಕ್ಕದವಳಿಗೆ. ಕಡ್ಡಿಯಕ್ಕನದು ಕಿಟಕಿ ಬದಿಯ ಸ್ಟೂಲು. ಇಡೀ ಕೋಣೆಯಲ್ಲಿ ಗಾಳಿ ಇದ್ದದ್ದು ಅಲ್ಲೊಂದೇ ಕಡೆ. ಪಕ್ಕದವಳು ಒಡಹುಟ್ಟಿದ ತಂಗಿ, ಕಡ್ಡಿಯಕ್ಕನೇ ಕೈಹಿಡಿದು ತಂದು ಸೇರಿಸಿದವಳು.

ಕಡ್ಡಿಯಕ್ಕನ ಬೆರಳು ಅದುರತೊಡಗಿದಾಗ ಉಪಾಯ ಹೂಡಿದವಳೂ ತಂಗಿಯೇ. ಗಂಡನಿಲ್ಲದ ಅಕ್ಕನಿಗೆ ಆ ಕೆಲಸ ಬಿಟ್ಟರೆ ಗತಿಯಿರಲಿಲ್ಲ. ಮನೆಯಲ್ಲೇ ಸೂಜಿಗೆ ದಾರ ಹಾಕಿ ಅಕ್ಕನ ರವಿಕೆ ತೋಳಿನ ಮಡಿಕೆಯಲ್ಲಿ ಸಿಕ್ಕಿಸಿ ಕಳಿಸುತ್ತಿದ್ದಳು. ಮೇಲ್ವಿಚಾರಕ ಕೊಟ್ಟದ್ದನ್ನು ಬಚ್ಚಿಟ್ಟು ಇದನ್ನು ತೋರಿಸುವುದು. ಏಳು ತಿಂಗಳು ನಡೆಯಿತು.

ಎಂಟನೆಯ ಸಲಕ್ಕೆ ತಂಗಿ ಆರು ತಿಂಗಳ ಬಸುರಿ. ಕಡ್ಡಿಯಕ್ಕ ಎಂದಿನಂತೆ ಬೆರಳನ್ನು ತೋಳಿನತ್ತ ಒಯ್ದಳು.

“ಅದು ಬೇಡ ಅಕ್ಕಾ,” ಅಂದಳು ತಂಗಿ, ಮೆತ್ತಗೆ, ಆದರೆ ಎಲ್ಲರಿಗೂ ಕೇಳುವಂತೆ. “ಸಾರ್ ಕೊಟ್ಟಿದ್ದಕ್ಕೇ ಪೋಣಿಸು.”

ಮೇಲ್ವಿಚಾರಕ ಎಣಿಸುವುದನ್ನು ಬಿಟ್ಟ. ಎಷ್ಟು ಹೊತ್ತಾದರೂ ತಗೋ ಎಂದು ಕುರ್ಚಿ ಎಳೆದು ಕೂತ. ದಾರದ ತುದಿ ಸೂಜಿಗಣ್ಣಿನ ಸುತ್ತ ನೊಣದ ಹಾಗೆ ಕುಣಿಯಿತು. ಎಂಜಲು ಹಚ್ಚಿದಳು, ಉಸಿರು ಬಿಗಿಹಿಡಿದಳು, ಮೊಣಕೈಯನ್ನು ಪಕ್ಕೆಗೆ ಒತ್ತಿದಳು. ಯಾರೋ ಕಿಸಕ್ಕೆಂದರು. ಸೂಜಿ ಬಿತ್ತು. ಬಗ್ಗಿ ನೆಲ ತಡಕಾಡಿದಳು. ಎತ್ತಿಕೊಡಲು ಒಬ್ಬರೂ ಬಗ್ಗಲಿಲ್ಲ.

ಮೇಲೆದ್ದಾಗ ತಂಗಿ ಆಗಲೇ ಕಿಟಕಿ ಬದಿ ಕೂತು ತನ್ನ ಗಾಜಿನ ಕಡ್ಡಿಗಳನ್ನು ಜೋಡಿಸಿಕೊಳ್ಳುತ್ತಿದ್ದಳು. ಕಡ್ಡಿಯಕ್ಕ ಹತ್ತಿರ ಹೋಗಿ, ಕಿಟಕಿಯ ಚಿಲಕ ಬಿಗಿ, ಸ್ವಲ್ಪ ಮೇಲಕ್ಕೆತ್ತಿ ಎಳೆಯಬೇಕು ಎಂದು ಹೇಳಿಕೊಟ್ಟಳು.

“ಗೊತ್ತು,” ಅಂದಳು ತಂಗಿ, ತಲೆಯೆತ್ತದೆ.