ಬಿಸಿನೀರಿನ ಭಾಯಿ

ಪಕ್ಕದ ಮನೆಯ ಭಾಯಿಯವರ ಬಲ ಅಂಗೈ ಸದಾ ಕೆಂಪಗಿರುತ್ತಿತ್ತು. ಗ್ಲೌಸ್ ಕಳಚಿ, ಬಿಸಿನೀರು ಹರಿಯುವ ಪೈಪುಗಳನ್ನು ಮುಟ್ಟಿ ಮುಟ್ಟಿ ನೋಡುವ ಅಭ್ಯಾಸ ಅವರದು. ಚಳಿಗೆ ನೆಲ ಹೆಪ್ಪುಗಟ್ಟಿದರೆ ಕಟ್ಟಡದವರು ಕಾಂಕ್ರೀಟ್ ಹಾಕುವಂತಿಲ್ಲ. ಆಗ ಇವರ ಮಷೀನಿಗೆ ಕರೆ ಬರುತ್ತಿತ್ತು. ಬಾಯ್ಲರಿನಲ್ಲಿ ಕಾದ ನೀರು ಉದ್ದನೆಯ ರಬ್ಬರ್ ಪೈಪುಗಳಲ್ಲಿ ಸುತ್ತಿ ಮರಳುತ್ತದೆ. ಆ ಪೈಪುಗಳನ್ನು ನೆಲದ ಮೇಲೆ ಹಾಸಿ ದಪ್ಪ ಹೊದಿಕೆ ಹೊದಿಸಿದರೆ ಮಣ್ಣು ನಿಧಾನಕ್ಕೆ ಸಡಿಲಾಗುತ್ತದೆ.

"ಏನ್ ಭಾಯಿ, ಇವತ್ತು ಯಾವ ನೆಲಕ್ಕೆ ಸ್ನಾನ?" ಎಂದು ನಮ್ಮ ಯಜಮಾನರು ಈ ಪರದೇಶದ ಆಡಮ್ಸ್‌ಟೌನಿನ ಮನೆಯ ಹಿತ್ತಲಿನಿಂದ ರೇಗಿಸುತ್ತಿದ್ದರು.

"ಸ್ನಾನ ಅಲ್ರಿ ಸರ, ಬರೇ ಬಿಸಿನೀರ ಚೀಲ ಇಟ್ಟ ಬಂದೇನಿ," ಎಂದು ಹುಬ್ಬಳ್ಳಿಯ ಭಾಯಿ ನಗುತ್ತಿದ್ದರು. ಲಾಕ್‌ಡೌನಿನಲ್ಲಿ ಬೇಲಿಯ ಆಚೆ ಈಚೆ ಕುರ್ಚಿ ಹಾಕಿಕೊಂಡು ಚಹಾ ಕುಡಿಯುತ್ತಿದ್ದರು, ಇನ್‌ಸೆಪರಬಲ್ ಇಬ್ಬರೂ.

ಆ ಜನವರಿಯಲ್ಲಿ ಯಜಮಾನರು ಕೋವಿಡ್‌ನಿಂದ ಹೋದರು. ಅಂತ್ಯಕ್ರಿಯೆಗೆ ಹತ್ತೇ ಜನ, ಸ್ಟ್ರಿಕ್ಟ್ ಆಗಿ. ಸಮಾಧಿ ತೋಡಿ ಹಾಕಿದ್ದ ಮಣ್ಣಿನ ಗುಡ್ಡೆ ಕಲ್ಲಾಗಿತ್ತು. ಭಾಯಿ, ಯಾರೂ ಕೇಳದೆಯೇ, ಸಿಮೆಟ್ರಿಯವರನ್ನು ಒಪ್ಪಿಸಿ ಹಿಂದಿನ ಸಂಜೆಯೇ ಅದರ ಮೇಲೆ ಪೈಪು ಹಾಸಿದರು.

"ಹಿಡಿ ಮಣ್ಣು ಹಾಕೂದು ನಿಮ್ಮಲ್ಲೂ ಐತಿ, ನಮ್ಮಲ್ಲೂ ಐತ್ರಿ ಅಕ್ಕಾರ. ಗಟ್ಟಿ ಹೆಂಟಿ ಒಗದ್ರ ಪೆಟ್ಟಿಗಿ ಮ್ಯಾಲ ಕಲ್ಲು ಬಿದ್ದಂಗ ಸಪ್ಪಳ ಆಗ್ತೈತಿ. ಸರ್‌ಗೆ ಅದು ಬ್ಯಾಡ."

ಹತ್ತನೆಯವರು ಅವರೇ ಎಂದು ನಾನು ಹೇಳಿಟ್ಟಿದ್ದೆ. ಅಷ್ಟರಲ್ಲಿ, ಬರುವುದೇ ಇಲ್ಲ ಎಂದಿದ್ದ ನಾದಿನಿ ದೂರದ ಕಾರ್ಕ್ ಊರಿನಿಂದ ಬಂದಿಳಿದಳು. "ಅವರ್ನ ಕರಕೋರಿ. ನಾ ಕೆಲಸದಾಂವ, ನನ್ನ ಎಣಿಸಬ್ಯಾಡ್ರಿ," ಎಂದು ಭಾಯಿ ಹಿಂದೆ ಸರಿದರು.

ಪಾದ್ರಿಗಳ ಪ್ರಾರ್ಥನೆ ಮುಗಿಯಿತು. ಮಣ್ಣು ಬೆಚ್ಚಗೆ, ಹುಡಿಹುಡಿಯಾಗಿ ಬೆರಳ ಸಂದಿಯಿಂದ ಇಳಿಯಿತು. ಸ್ವಲ್ಪ ದೂರದಲ್ಲಿ ಪೈಪು ಸುತ್ತುತ್ತಿದ್ದ ಭಾಯಿ ಕೈ ನಿಲ್ಲಿಸಿ ನಮ್ಮ ಕಡೆಯೇ ನೋಡುತ್ತಿದ್ದರು. ಬನ್ನಿ ಭಾಯಿ, ನೀವೂ ಒಂದು ಹಿಡಿ ಹಾಕಿ ಎಂದಿದ್ದರೆ ಯಾರ ಗಂಟೂ ಹೋಗುತ್ತಿರಲಿಲ್ಲ. ನಾನು "ಥ್ಯಾಂಕ್ ಯೂ ಭಾಯಿ" ಎಂದೆ, ವೆರಿ ಪ್ರಾಪರ್ ಆಗಿ, ಕಾನ್ವೆಂಟಿನ ಸಿಸ್ಟರ್‌ಗಳು ಕಲಿಸಿದ ಹಾಗೆ. ಹೋಗಿ ಕಾರು ಹತ್ತಿದೆ.

ಏಪ್ರಿಲ್‌ನಲ್ಲಿ ಅದೇ ಕಾಯಿಲೆ ಭಾಯಿಯನ್ನೂ ಒಯ್ದಿತು. ದಫನಕ್ಕೆ ಮನೆಯವರನ್ನಷ್ಟೇ ಬಿಟ್ಟರು. ಮರುದಿನ ಬೇಲಿಯ ಬಳಿ ಅವರ ಮಗಳು ನಿಂತಿದ್ದಳು. ಇಲ್ಲೇ ಹುಟ್ಟಿದ ಹುಡುಗಿ. ನನಗೋಸ್ಕರ ಕನ್ನಡ ಹೊಂದಿಸಿಕೊಂಡಳು.

"ಆಂಟಿ, ಅಂಕಲ್ ಫ್ಯೂನರಲ್‌ನಲ್ಲಿ ನೀವು ಅಬ್ಬಾನ ಕರ್ದು ಫಸ್ಟ್ ಮಣ್ಣು ಹಾಕ್ಸಿದ್ರಂತೆ. ಮಮ್‌ಗೆ ಎಷ್ಟು ಟೈಮ್ಸ್ ಹೇಳಿದ್ರು! ಹೀ ವಾಸ್ ಸೋ ಪ್ರೌಡ್."

ನನ್ನ ಮಾನ ಉಳಿಸಲು ಮನೆಯವರ ಮುಂದೆ ಅವರು ಹಾಗೆ ಹೇಳಿದ್ದರು. ಹುಡುಗಿ ನನ್ನ ಮುಖವನ್ನೇ ನೋಡುತ್ತಿದ್ದಳು.

"ಹೌದು ಪುಟ್ಟಾ," ಎಂದೆ.